ಚರ್ಚು ಗೊತ್ತು, ಯೇಸು ಸ್ವಾಮಿಯ ಪರಿಚಯ ಎಷ್ಟು?

ಪಂಡಿತಾ ರಮಾಬಾಯಿ ದೀಕ್ಷಾಸ್ನಾನ ಪಡೆದದ್ದು 1883ರ ಸೆಪ್ಟೆಂಬರ್ 29ರಂದು, ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ. ಮೂಲದಲ್ಲಿ ಅವರು ನಮ್ಮ ಕಡೆಯವರೇ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಸಂಸ್ಕೃತದಲ್ಲಿ ಅವರಿಗಿದ್ದ ಹಿಡಿತ ಕಂಡು ಬೆರಗಾದ ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟಿದ್ದರು. ಅಷ್ಟು ಓದಿದ ಹೆಣ್ಣುಮಗಳು 1907ರಲ್ಲಿ ಬರೆದ ತಮ್ಮ ಸಾಕ್ಷಿಯಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ ಅವರಿಗೆ ಅರ್ಥವಾಯಿತಂತೆ: ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತ ಇನ್ನೂ ಸಿಕ್ಕಿಲ್ಲ.

ಆ ಎಂಟು ವರ್ಷ ಅವರು ಸುಮ್ಮನೆ ಕೂತಿರಲಿಲ್ಲ. ವಾಂಟೇಜ್‌ನ ಸಿಸ್ಟರ್‌ಗಳ ಜೊತೆ ತ್ರಯೈಕ್ಯದ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ ಪತ್ರಗಳ ಮೇಲೆ ಪತ್ರ ಬರೆದು ವಾದ ಮಾಡಿದರು. ಅಮೆರಿಕ ಸುತ್ತಿದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಬೈಬಲ್ ಓದುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ಸೇವೆ ಮಾಡುತ್ತಿದ್ದರು. ಆಮೇಲೊಂದು ದಿನ ವಿಲಿಯಂ ಹ್ಯಾಸ್ಲಂ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಕೈಗೆ ಬಂತು. ಗುರುದೀಕ್ಷೆಯಾಗಿ ವರ್ಷಗಳಾದ ಮೇಲೆ, ತಾನೇ ಪ್ರಸಂಗ ಮಾಡುತ್ತಿದ್ದಾಗ ಆ ಪಾದ್ರಿಗೆ ಕ್ರಿಸ್ತನ ಪರಿಚಯವಾದ ಕಥೆ ಅದು. ಅದನ್ನು ಓದಿ ರಮಾಬಾಯಿ ತಮ್ಮನ್ನೇ ಕೇಳಿಕೊಂಡರು: ನನ್ನ ವಿಷಯ ಏನು?

ಈ ಪ್ರಶ್ನೆಯನ್ನು ನಮ್ಮ ಸಭೆಗಳಲ್ಲಿ ಕೇಳುವುದು ಕಷ್ಟ. ಇಪ್ಪತ್ತು ವರ್ಷ ಗಾಯನ ಮಂಡಳಿಯಲ್ಲಿ ಹಾಡಿದವರು, ಪಾಸ್ಟೊರೇಟ್ ಕಮಿಟಿಯಲ್ಲಿ ಲೆಕ್ಕಪತ್ರ ನೋಡಿದವರು, ಮಕ್ಕಳಿಗೆ ಜ್ಞಾನೋಪದೇಶ ಕಲಿಸಿದವರು “ನನಗೆ ಯೇಸು ಸ್ವಾಮಿಯ ವೈಯಕ್ತಿಕ ಪರಿಚಯ ಅಷ್ಟಾಗಿ ಇಲ್ಲ” ಎಂದು ಯಾರ ಮುಂದೆ ಹೇಳುವುದು? ಹಾಗೆ ಅನ್ನಿಸಿದವರಿಗಾಗಿಯೇ ಈ ಲೇಖನ. ಅನ್ನಿಸುವುದು ಅವಿಶ್ವಾಸದ ಲಕ್ಷಣವಲ್ಲ. ರಮಾಬಾಯಿಗೆ ಅನ್ನಿಸಿದ್ದರಿಂದಲೇ ಮುಂದಿನದು ಸಾಧ್ಯವಾಯಿತು. ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಪೌಲನೂ ಕ್ರಿಸ್ತನನ್ನು ಅರಿಯಬೇಕೆಂಬ ಹಂಬಲವನ್ನೇ ಹೇಳಿಕೊಳ್ಳುತ್ತಾನೆ. ಆ ಹೊತ್ತಿಗೆ ಅವನು ಎಷ್ಟೋ ವರ್ಷ ಕ್ರಿಸ್ತನಿಗಾಗಿ ಊರೂರು ಅಲೆದು, ಸೆರೆಮನೆ ಸೇರಿದ್ದವನು.

ಉತ್ತರ ಬೆಂಗಳೂರಿನಲ್ಲಿ ಕ್ರೈಸ್ತರಾಗಿ ಬದುಕುವವರಿಗೆ ಕಾರ್ಯಕ್ರಮಗಳ ಕೊರತೆಯಿಲ್ಲ. ಯಲಹಂಕದಿಂದ ಆರ್.ಟಿ. ನಗರದವರೆಗೆ, ಹೆಬ್ಬಾಳದಿಂದ ಯಶವಂತಪುರದವರೆಗೆ ಕನ್ನಡ, ತಮಿಳು, ತೆಲುಗು, ಮಲಯಾಳ, ಇಂಗ್ಲಿಷ್, ಹಿಂದಿ ಎಲ್ಲದರಲ್ಲೂ ಆರಾಧನೆ ನಡೆಯುತ್ತದೆ. ಕಥೋಲಿಕ ಧರ್ಮಕೇಂದ್ರ, ಸಿಎಸ್‌ಐ ಸಭೆ, ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಪೆಂಟೆಕೊಸ್ತ್, ಬಾಡಿಗೆ ಹಾಲ್‌ನಲ್ಲಿ ಕೂಡುವ ಹೊಸ ಸಭೆ ಎಲ್ಲವೂ ಇವೆ. ಉಪವಾಸ ಪ್ರಾರ್ಥನೆ, ಗೃಹಪ್ರಾರ್ಥನೆ, ಯುವಕರ ರಿಟ್ರೀಟ್, ಸ್ತ್ರೀಯರ ಕೂಟ ಎಂದು ವಾರ ತುಂಬಿರುತ್ತದೆ. ಉಳಿದ ಸಮಯವನ್ನು ಹೆಬ್ಬಾಳದ ಟ್ರಾಫಿಕ್ ನುಂಗುತ್ತದೆ. ಒಂದೇ ಅಪಾರ್ಟ್‌ಮೆಂಟಿನ ಒಂದೇ ಮಹಡಿಯಲ್ಲಿ ಹತ್ತು ವರ್ಷ ಇದ್ದು, ಬಾಗಿಲ ಮೇಲಿನ ಹೆಸರು ದಿನಾ ಓದುತ್ತಾ, ಒಳಗಿನವರ ಜೊತೆ ಒಂದು ದಿನವೂ ಕೂತು ಮಾತಾಡದೇ ಇರುವುದು ಈ ಊರಿನಲ್ಲಿ ಸಾಮಾನ್ಯ. ಯೇಸು ಸ್ವಾಮಿಯ ವಿಷಯದಲ್ಲೂ ನಮಗೆ ಹಾಗೇ ಆಗಿಬಿಡುತ್ತದೆ.

ನನ್ನ ಖಚಿತ ಅಭಿಪ್ರಾಯ ಇಷ್ಟು: ಹೊಸದೊಂದು ಕಾರ್ಯಕ್ರಮ ಸೇರಿಸಿಕೊಂಡರೆ ಈ ಪರಿಚಯ ಬೆಳೆಯುವುದಿಲ್ಲ. ಸುವಾರ್ತೆಯನ್ನು ನಿಧಾನವಾಗಿ ಓದಿ, ಅಲ್ಲಿ ಕೇಳಿಸಿದ ಒಂದು ಮಾತಿಗೆ ಅದೇ ವಾರ ವಿಧೇಯರಾದರೆ ಬೆಳೆಯುತ್ತದೆ. ಎರಡನೆಯ ಭಾಗ ಬಿಟ್ಟುಹೋದರೆ ಮೊದಲನೆಯದು ಬರೀ ಓದಾಗಿ ಉಳಿಯುತ್ತದೆ.

ಯಾವ ಬೈಬಲ್, ಎಲ್ಲಿಂದ ಶುರು

ಮೇಖ್ರಿ ಸರ್ಕಲ್‌ನಿಂದ ಹೆಬ್ಬಾಳ ದಾಟಿ ಯಲಹಂಕಕ್ಕೆ ಹೋಗುವ ರಸ್ತೆಯ ಹೆಸರು ಬಳ್ಳಾರಿ ರಸ್ತೆ. ಕನ್ನಡ ಬೈಬಲಿನ ಕಥೆ ಆ ಬಳ್ಳಾರಿಯಲ್ಲೇ ಶುರುವಾಗುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ಕೈಹಾಕಿದರು. ಅವರೂ ವಿಲಿಯಂ ರೀವ್ ಮೊದಲಾದವರೂ ಸೇರಿ ಇಡೀ ಬೈಬಲನ್ನು ಕನ್ನಡದಲ್ಲಿ ತರುವ ಹೊತ್ತಿಗೆ 1831 ಆಗಿತ್ತು. ಎರಡು ದಶಕದ ದುಡಿಮೆ. ಮುಂದೆ ಬಾಸೆಲ್ ಮಿಷನ್ನಿನವರು ತಿದ್ದಿದರು. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟೆಲ್, ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಬರೆದು 1862ರಲ್ಲಿ ಪ್ರಕಟಿಸಿದರು. ಅವರ ಕನ್ನಡ ನಿಘಂಟು ಬಂದದ್ದು ಅದಾಗಿ ಮೂವತ್ತೆರಡು ವರ್ಷಕ್ಕೆ. ಕನ್ನಡಿಗರಿಗೆ ಯೇಸುವಿನ ಕಥೆ ಕನ್ನಡದ ಲಯದಲ್ಲೇ ಕಿವಿಗೆ ಬೀಳಬೇಕೆಂಬ ಆಸೆ ಅವರದು.

ಈಗ ನಮಗೆ ಆಯ್ಕೆಗಳಿವೆ. ಹಳೆಯ ‘ಸತ್ಯವೇದವು’ ಅಜ್ಜಿಯರ ಬಾಯಲ್ಲಿ ಕುಳಿತಿರುವ ಪಠ್ಯ, ಅದರ ಗಾಂಭೀರ್ಯ ಬೇರೆಯೇ. ಆದರೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಮಗ ಅಥವಾ ಮಗಳ ಜೊತೆ ಓದುವುದಾದರೆ ಸರಳ ಕನ್ನಡದ ಸಿ.ಎಲ್. ಅನುವಾದ ಅನುಕೂಲ. ಬೈಬಲ್ ಸೊಸೈಟಿಯ ಈ ಎರಡೂ ಮುದ್ರಣದಲ್ಲಿ ಸಿಗುತ್ತವೆ, ಮೊಬೈಲ್ ಆ್ಯಪ್‌ಗಳಲ್ಲೂ ಇವೆ. ಮೊಬೈಲಿನಲ್ಲಿ ಓದುವವರು ನೋಟಿಫಿಕೇಶನ್ ಬಂದ್ ಮಾಡಿಕೊಳ್ಳಿ. ಸಾಧ್ಯವಿದ್ದರೆ ಪುಸ್ತಕವನ್ನೇ ಹಿಡಿಯಿರಿ, ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಮನೆಯಲ್ಲಿ ತಮಿಳು, ತೆಲುಗು, ಕೊಂಕಣಿ ಆಡುವವರು ಆ ಭಾಷೆಯ ಬೈಬಲನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ. ಅಮ್ಮನ ಭಾಷೆಯಲ್ಲಿ ಓದಿದಾಗ ಮನಸ್ಸಿಗೆ ನಾಟುವ ಬಗೆಯೇ ಬೇರೆ.

ಆದಿಕಾಂಡದಿಂದ ಶುರುಮಾಡಿ ಯಾಜಕಕಾಂಡದಲ್ಲಿ ನಿಂತುಹೋದವರು ಬಹಳ ಮಂದಿ ಇದ್ದಾರೆ. ಯೇಸುವನ್ನು ಅರಿಯಲು ಹೊರಟವರು ಮಾರ್ಕನ ಸುವಾರ್ತೆ ತೆಗೆದುಕೊಳ್ಳಿ. ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ. ಮೊದಲು ಒಂದೇ ಸಲಕ್ಕೆ ಕೂತು ಗಟ್ಟಿಯಾಗಿ ಓದಿ ಮುಗಿಸಿ. ಸುಮಾರು ಒಂದೂವರೆ ಗಂಟೆ ಬೇಕು. ಭಾನುವಾರಕ್ಕೊಂದು ತುಣುಕು ಕೇಳಿ ಅಭ್ಯಾಸವಾದ ನಮಗೆ ಇಡೀ ಕಥೆಯ ಓಟ ಒಮ್ಮೆಯೂ ಸಿಕ್ಕಿರುವುದಿಲ್ಲ. ಒಂದೇ ಉಸಿರಿನಲ್ಲಿ ಓದಿದಾಗ ಯೇಸು ಎಷ್ಟು ಅವಸರವಾಗಿ ನಡೆಯುತ್ತಾರೆ, ಎಷ್ಟು ಸಲ ಒಬ್ಬೊಬ್ಬರಿಗಾಗಿ ನಿಲ್ಲುತ್ತಾರೆ, ಯಾರ ಮೇಲೆ ಕೋಪಿಸಿಕೊಳ್ಳುತ್ತಾರೆ, ಶಿಷ್ಯರು ಎಷ್ಟು ಸಲ ತಪ್ಪು ತಿಳಿಯುತ್ತಾರೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಅದಾದ ಮೇಲೆ ದಿನಕ್ಕೆ ಹತ್ತೋ ಹದಿನೈದೋ ವಚನದಂತೆ ಮತ್ತೆ ಮೊದಲಿಂದ.

8ನೇ ಅಧ್ಯಾಯವನ್ನೇ ಹತ್ತಿರದಿಂದ ನೋಡೋಣ. ದೋಣಿಯಲ್ಲಿ ಶಿಷ್ಯರಿದ್ದಾರೆ, ಬುತ್ತಿಯಲ್ಲಿ ಇರುವುದು ಒಂದೇ ರೊಟ್ಟಿ, ಅದರದ್ದೇ ಚಿಂತೆ. ಸಾವಿರಾರು ಜನಕ್ಕೆ ಊಟ ಕೊಟ್ಟವರು ಪಕ್ಕದಲ್ಲೇ ಕೂತಿದ್ದಾರೆ. ಕಣ್ಣಿದ್ದೂ ಕಾಣುವುದಿಲ್ಲವೇ ಎಂದು ಗದರುತ್ತಾರೆ. ದೋಣಿ ಬೆತ್ಸಾಯಿದ ಮುಟ್ಟಿದಾಗ ಜನ ಒಬ್ಬ ಕುರುಡನನ್ನು ಕರೆತರುತ್ತಾರೆ. ಯೇಸು ಅವನ ಕೈಹಿಡಿದು ಊರಾಚೆಗೆ ನಡೆಸಿಕೊಂಡು ಹೋಗುತ್ತಾರೆ. ಕಣ್ಣಿಗೆ ಉಗುಳು ಹಚ್ಚಿ, ಕೈಯಿಟ್ಟು, ಏನಾದರೂ ಕಾಣುತ್ತದೆಯೇ ಎಂದು ವಿಚಾರಿಸುತ್ತಾರೆ. ಅವನು ಸುಳ್ಳು ಹೇಳುವುದಿಲ್ಲ. ಜನ ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಎನ್ನುತ್ತಾನೆ. ಯೇಸು ಎರಡನೇ ಸಲ ಕೈಯಿಡುತ್ತಾರೆ. ಆಗ ಸ್ಪಷ್ಟವಾಗುತ್ತದೆ.

ಈ ಘಟನೆಯನ್ನು ಬರೆದವನು ಮಾರ್ಕನೊಬ್ಬನೇ. ಅದನ್ನು ಎಲ್ಲಿಟ್ಟಿದ್ದಾನೆ ನೋಡಿ. ಮುಂದಿನ ವಚನದಲ್ಲೇ ಯೇಸು ದಾರಿಯಲ್ಲಿ ಶಿಷ್ಯರನ್ನು ತಾನು ಯಾರೆಂದು ಕೇಳುತ್ತಾರೆ. ಪೇತ್ರ ಸರಿಯಾದ ಉತ್ತರ ಕೊಡುತ್ತಾನೆ, ನೀವೇ ಕ್ರಿಸ್ತ ಎಂದು. ಐದಾರು ವಚನ ಕಳೆಯುವುದರೊಳಗೆ ಶಿಲುಬೆಯ ಮಾತು ಕೇಳಿ ಯೇಸುವನ್ನೇ ಗದರಲು ಹೋಗಿ ಬೈಸಿಕೊಳ್ಳುತ್ತಾನೆ. ಉತ್ತರ ಸರಿ, ನೋಟ ಮಸುಕು. ಅವನಿಗೆ ಕಂಡದ್ದೂ ನಡೆದಾಡುವ ಮರವೇ. ನಮಗೂ ವಿಶ್ವಾಸಪ್ರಮಾಣ ಬಾಯಿಪಾಠ ಬರುತ್ತದೆ. ಇಲ್ಲಿ ಪುಸ್ತಕ ಮುಚ್ಚಿ ಐದು ನಿಮಿಷ ಆ ಕುರುಡನ ಜಾಗದಲ್ಲಿ ನಿಂತುಕೊಳ್ಳಿ. ಏನಾದರೂ ಕಾಣುತ್ತದೆಯೇ ಎಂದು ಕೇಳಿದರೆ ನನ್ನ ಪ್ರಾಮಾಣಿಕ ಉತ್ತರವೇನು? ಅದನ್ನೇ ಪ್ರಾರ್ಥನೆಯಾಗಿ ಹೇಳಿ. “ಇಷ್ಟು ಕಾಣುತ್ತದೆ ಸ್ವಾಮಿ, ಇಷ್ಟು ಮಸುಕಾಗಿದೆ, ಇನ್ನೊಮ್ಮೆ ಕೈಯಿಡಿ.” ನನಗೆ ಗೊತ್ತಿರುವ ಪ್ರಾರ್ಥನೆಗಳಲ್ಲಿ ಇದಕ್ಕಿಂತ ಸತ್ಯವಾದದ್ದು ಕಡಿಮೆ.

ಕೇಳಿಸಿಕೊಂಡು ಮಾತಾಡುವುದು

ಕಥೆಯೊಳಗೆ ಹೋಗಿ ನಿಲ್ಲುವ ಈ ಅಭ್ಯಾಸ ಹಳೆಯದು. ಇಗ್ನೇಷಿಯಸ್ ಲೊಯೋಲ ಎಂಬ ಯೋಧ 1521ರಲ್ಲಿ ಕಾಲಿಗೆ ಗುಂಡು ಬಡಿದು ಹಾಸಿಗೆ ಹಿಡಿದಾಗ ಓದಲು ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಓದುತ್ತಾ ಓದುತ್ತಾ ಆ ದೃಶ್ಯಗಳೊಳಗೆ ಹೊಕ್ಕ. ಮುಂದೆ ಅದನ್ನೇ ಕ್ರಮಬದ್ಧ ಧ್ಯಾನವಾಗಿ ಕಲಿಸಿದ: ಜಾಗ ನೋಡು, ಧ್ವನಿ ಕೇಳು, ಧೂಳು ಮುಟ್ಟು, ಕೊನೆಗೆ ಗೆಳೆಯನೊಬ್ಬ ಗೆಳೆಯನ ಜೊತೆ ಮಾತಾಡುವಂತೆ ಯೇಸುವಿನ ಜೊತೆ ಮಾತಾಡು. 17ನೇ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕನ್ನಡದಲ್ಲಿ ಬರೆದ ಲಿಯೊನಾರ್ಡೊ ಚಿನ್ನಾಮಿ ಇದೇ ಇಗ್ನೇಷಿಯಸ್ ಕಟ್ಟಿದ ಜೆಸ್ವಿತ್ ಸಂಘದವರು. ಪ್ರೊಟೆಸ್ಟೆಂಟ್ ಓದುಗರು ಇದು ತಮ್ಮದಲ್ಲವೆಂದು ಹಿಂಜರಿಯಬೇಕಾಗಿಲ್ಲ, ಪಠ್ಯ ಬೈಬಲೇ. ಕಲ್ಪನೆ ಪಠ್ಯದ ಆಚೆ ಓಡದಂತೆ ನೋಡಿಕೊಂಡರೆ ಸಾಕು.

ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಮೊಣಕಾಲೂರುವ ಸಂಕಲ್ಪ ಬೇಡ. ವಿಮಾನ ನಿಲ್ದಾಣದ ಪಾಳಿಯಲ್ಲಿ ದುಡಿಯುವವರಿಗೆ, ಮಾನ್ಯತಾ ಟೆಕ್ ಪಾರ್ಕಿನಲ್ಲಿ ರಾತ್ರಿ ಕೆಲಸ ಮಾಡುವವರಿಗೆ, ಇಬ್ಬರು ಮಕ್ಕಳನ್ನು ಶಾಲೆಗೆ ಹೊರಡಿಸುವ ತಾಯಿಗೆ ಅದು ಮೂರು ದಿನವೂ ನಡೆಯುವುದಿಲ್ಲ. ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ, ಆದರೆ ಅದೇ ಹೊತ್ತು, ಅದೇ ಜಾಗ. ಬಸ್ಸಿನಲ್ಲೋ, ಯಶವಂತಪುರದಿಂದ ಹೊರಡುವ ಮೆಟ್ರೊದಲ್ಲೋ ಬೆಳಗಿನ ಒಂದು ವಚನವನ್ನು ಮನಸ್ಸಿನಲ್ಲಿ ಮಗುಚಿ ಹಾಕುತ್ತಾ ಹೋಗಬಹುದು. ಪ್ಯಾರಿಸ್ಸಿನ ಮಠವೊಂದರ ಅಡುಗೆಮನೆಯಲ್ಲಿ ದುಡಿದ 17ನೇ ಶತಮಾನದ ಬ್ರದರ್ ಲಾರೆನ್ಸ್ ಪಾತ್ರೆಗಳ ನಡುವೆಯೇ ದೇವರ ಸನ್ನಿಧಿ ಅನುಭವಿಸಿದವನು; ಅವನಿಗೆ ಪ್ರಾರ್ಥನೆಯ ಹೊತ್ತು, ಕೆಲಸದ ಹೊತ್ತು ಎಂಬ ಭೇದ ಉಳಿಯಲಿಲ್ಲ.

ರಾತ್ರಿ ಮಲಗುವ ಮುಂಚೆ ಐದು ನಿಮಿಷ ದಿನವನ್ನು ಹಿಂದಕ್ಕೆ ತಿರುಗಿಸಿ ನೋಡಿ. ಯಾವುದಕ್ಕೆ ಕೃತಜ್ಞತೆ, ಎಲ್ಲಿ ಯೇಸುವಿನ ಮಾತು ನೆನಪಾಗಿಯೂ ಬದಿಗೆ ಸರಿಸಿದೆ, ಯಾರ ಕ್ಷಮೆ ಕೇಳಬೇಕು, ನಾಳೆಗೆ ಏನು ಬೇಡಬೇಕು. ಪಟ್ಟಿ ಬರೆಯಲೇಬೇಕೆಂದಿಲ್ಲ. ಬರೆಯುವವರು ದಿನಕ್ಕೆ ಎರಡು ಸಾಲಿನ ಮೇಲೆ ಹೋಗಬೇಡಿ. ಉದ್ದ ಬರೆದರೆ ಪ್ರಾರ್ಥನೆ ಹೋಗಿ ಡೈರಿ ಉಳಿಯುತ್ತದೆ.

ವಿಧೇಯತೆ: ಬಾಡಿಗೆ ಅಡ್ವಾನ್ಸಿನಿಂದ ಶುರು

ಯೋಹಾನನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸು ಒಂದು ಕ್ರಮ ಹೇಳುತ್ತಾರೆ. ತನ್ನ ಮಾತನ್ನು ಕೈಕೊಂಡು ನಡೆಯುವವನೇ ತನ್ನನ್ನು ಪ್ರೀತಿಸುವವನು, ಅಂಥವನಿಗೆ ತಾನು ಕಾಣಿಸಿಕೊಳ್ಳುತ್ತೇನೆ ಎಂದು. ನಾವು ಇದನ್ನು ತಿರುವು ಮುರುವು ಮಾಡಿಕೊಂಡಿದ್ದೇವೆ: ಮೊದಲು ಗಾಢ ಅನುಭವವಾಗಲಿ, ಆಮೇಲೆ ನಡೆದು ತೋರಿಸುತ್ತೇನೆ. ಸುವಾರ್ತೆಯಲ್ಲಿ ಯೇಸುವನ್ನು ಹತ್ತಿರದಿಂದ ಅರಿತವರು ಹಾಗೆ ಕಾಯಲಿಲ್ಲ. ಬಲೆ ಬಿಟ್ಟು ಎದ್ದರು, ಸುಂಕದ ಕಟ್ಟೆ ಬಿಟ್ಟು ನಡೆದರು, ಜಕ್ಕಾಯ ಮರದಿಂದ ಇಳಿದ.

ಲೂಕ 19ರ ಜಕ್ಕಾಯನ ಕಥೆಯನ್ನು ಮಕ್ಕಳಿಗೆ ಹೇಳುವಾಗ ಮರ ಹತ್ತಿದ ಕುಳ್ಳನ ಚಿತ್ರ ತೋರಿಸಿ ಮುಗಿಸುತ್ತೇವೆ. ದೊಡ್ಡವರು ಓದಬೇಕಾದದ್ದು 8ನೇ ವಚನ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ಯೇಸು ಲೆಕ್ಕ ಕೇಳಿರಲಿಲ್ಲ, ಮನೆಗೆ ಊಟಕ್ಕೆ ಬಂದಿದ್ದರು ಅಷ್ಟೇ. ಪರಿಚಯ ನಿಜವಾದಾಗ ದುಡ್ಡಿನ ಗಂಟು ತಾನಾಗಿ ಸಡಿಲವಾಯಿತು.

ಉತ್ತರ ಬೆಂಗಳೂರಿನಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟ ಕ್ರೈಸ್ತರು ಬಹಳ. ಬಾಡಿಗೆದಾರ ಮನೆ ಖಾಲಿ ಮಾಡುವ ದಿನ ಅಡ್ವಾನ್ಸಿನಲ್ಲಿ ಬಣ್ಣಕ್ಕೆಂದು, ಕ್ಲೀನಿಂಗಿಗೆಂದು, ಮೊಳೆ ಹೊಡೆದದ್ದಕ್ಕೆಂದು ಎಷ್ಟು ಕತ್ತರಿಸುತ್ತೇವೆ? ನ್ಯಾಯವಾಗಿ ಕೊಡಬೇಕಾದದ್ದನ್ನು ಪೂರ್ತಿ, ಹೇಳಿದ ದಿನಕ್ಕೆ ಕೊಡುವುದು ಪ್ರಾರ್ಥನಾ ಜೀವನದ ಭಾಗ. ಮನೆಗೆಲಸಕ್ಕೆ ಬರುವ ಹೆಂಗಸಿಗೆ ವಾರದ ರಜೆ ಇದೆಯೇ? ನಾವು ಭಾನುವಾರ ಆರಾಧನೆಗೆ ಹೊರಟಾಗ ನಮ್ಮ ಪಾತ್ರೆ ತೊಳೆಯುತ್ತಿರುವವರು ಯಾರು? ನಲವತ್ತು-ಅರವತ್ತರ ಸೈಟಿಗಾಗಿ ಮಾತು ಬಿಟ್ಟ ಅಣ್ಣ ತಮ್ಮಂದಿರು ಒಂದೇ ಸಭೆಯ ಎರಡು ಬದಿಯಲ್ಲಿ ಕೂತಿರುತ್ತಾರೆ. ಯಲಹಂಕದ ಸುತ್ತ ಭೂಮಿಯ ಬೆಲೆ ಏರಿದ ಮೇಲೆ ಇಂಥ ಬೆಂಚುಗಳು ಹೆಚ್ಚಾಗಿವೆ. ಮತ್ತಾಯ 5ರಲ್ಲಿ ಯೇಸು ಕೊಟ್ಟ ಸೂಚನೆ ನೇರವಾಗಿದೆ: ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಹೋಗು, ಮೊದಲು ಸಹೋದರನ ಜೊತೆ ರಾಜಿಯಾಗು, ಆಮೇಲೆ ಬಾ.

ಸಿಎಸ್‌ಐ ಸಭೆಯವರಿಗೆ ಪ್ರಭುಭೋಜನದ ಭಾನುವಾರ ಮೊದಲೇ ಗೊತ್ತಿರುತ್ತದೆ. ಕಥೋಲಿಕರಿಗೆ ಪ್ರತಿ ಬಲಿಪೂಜೆಯೂ ಅದೇ ಭೋಜನ. ಹಿಂದಿನ ಶನಿವಾರ ಸಂಜೆ, ಮಾತು ಬಿಟ್ಟವರಿಗೆ ಒಂದು ಫೋನ್ ಮಾಡಿ. ಆ ಕಡೆಯವರು ಎತ್ತದಿರಬಹುದು. ಎತ್ತಿದರೆ ಆಸ್ತಿಯ ಮಾತು ತೆಗೆಯಬೇಡಿ, ಆರೋಗ್ಯ ಕೇಳಿ. ರಾಜಿಗೆ ಸಮಯ ಬೇಕು. ಅನ್ಯಾಯವಾದದ್ದು ನಿಮಗೇ ಆಗಿದ್ದರೆ ಅದನ್ನು ನುಂಗಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹಿಂಸೆ ಮಾಡಿದ ಗಂಡನ, ದೌರ್ಜನ್ಯ ಎಸಗಿದ ಸಂಬಂಧಿಕನ ಮುಂದೆ ಹೋಗಿ ನಿಲ್ಲಬೇಕೆಂದು ಸುವಾರ್ತೆಯ ಹೆಸರಿನಲ್ಲಿ ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡಿ.

ವಾರಕ್ಕೆ ಒಂದು ವಿಧೇಯತೆ ಸಾಕು, ಚಿಕ್ಕದಾದರೂ ನಿರ್ದಿಷ್ಟವಾಗಿರಲಿ. “ಇನ್ನು ಮೇಲೆ ಪ್ರೀತಿಯಿಂದಿರುತ್ತೇನೆ” ಎಂಬುದು ಯಾವ ದಿನಕ್ಕೂ ಅಂಟಿಕೊಳ್ಳುವುದಿಲ್ಲ. “ಗುರುವಾರ ಆ ಐದು ಸಾವಿರ ವಾಪಸ್ ಕೊಡುತ್ತೇನೆ” ಎಂಬುದಕ್ಕೆ ಗುರುವಾರ ಬರುತ್ತದೆ.

ಹಾಸಿಗೆಯ ಪಕ್ಕ

ರಮಾಬಾಯಿಯನ್ನು ಕ್ರಿಸ್ತನ ಕಡೆ ಮೊದಲು ಸೆಳೆದದ್ದು ವಾದವಲ್ಲ. ಲಂಡನ್ನಿನ ಫುಲಂನಲ್ಲಿ ಸಿಸ್ಟರ್‌ಗಳು ನಡೆಸುತ್ತಿದ್ದ ಆಸರೆ ಮನೆಗೆ ಅವರನ್ನು ಕರೆದುಕೊಂಡು ಹೋಗಿದ್ದರು. ಸಮಾಜ ಕೆಟ್ಟವರೆಂದು ತಳ್ಳಿದ್ದ ಹೆಂಗಸರನ್ನು ಅಲ್ಲಿ ಮಮತೆಯಿಂದ ನೋಡಿಕೊಳ್ಳುವುದನ್ನು ಕಂಡು, ಇದೆಲ್ಲ ಯಾಕೆ ಮಾಡುತ್ತೀರಿ ಎಂದು ಕೇಳಿದರು. ಒಬ್ಬ ಸಿಸ್ಟರ್ ಯೋಹಾನ 4ರ ಸಮಾರ್ಯದ ಹೆಂಗಸಿನ ಕಥೆ ಓದಿ ಹೇಳಿದರು. ಕೆಲಸ ಮೊದಲು ಕಂಡಿತು, ಕಥೆ ಆಮೇಲೆ ಬಂತು.

ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಯ ಬದಿಯಲ್ಲೇ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆ ಇದೆ, 1973ರಿಂದ. ಮರುವರ್ಷ ಅಮೆರಿಕದ ಟೆಕ್ಸಸ್‌ನಿಂದ ಶಸ್ತ್ರವೈದ್ಯೆ ರೆಬೆಕಾ ನೇಲರ್ ಬಂದರು. ದಶಕಗಳ ಕಾಲ ಅಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು, ಆಡಳಿತ ನೋಡಿದರು. ಅಲ್ಲಿನ ನರ್ಸಿಂಗ್ ಶಾಲೆಗೆ ಅವರದೇ ಹೆಸರು. ಅವರ ಭಕ್ತಿಯ ಆಳವನ್ನು ಹೊರಗಿನವರು ಅಳೆಯಲಾರರು. ಆದರೆ ಮತ್ತಾಯ 25ರಲ್ಲಿ ಯೇಸು ತಾನು ಎಲ್ಲಿ ಸಿಗುತ್ತೇನೆಂದು ಹೇಳಿದ ವಿಳಾಸಗಳಲ್ಲಿ ರೋಗಿಯ ಹಾಸಿಗೆಯೂ ಒಂದು.

ಇದಕ್ಕಾಗಿ ಬೈಬಲ್ ಹಿಡಿದು ವಾರ್ಡಿಗೆ ನುಗ್ಗಬೇಕಾಗಿಲ್ಲ, ನುಗ್ಗಲೂಬಾರದು. ನಿಮ್ಮ ಸಭೆಯಲ್ಲೇ ಕಾಲುನೋವಿನಿಂದ ಬರಲಾಗದ ಹಿರಿಯರಿರುತ್ತಾರೆ. ಮಕ್ಕಳು ಕೆನಡಾದಲ್ಲೋ ದುಬೈಯಲ್ಲೋ ಇದ್ದು ಒಂಟಿಯಾದವರಿರುತ್ತಾರೆ. ಡಯಾಲಿಸಿಸ್‌ಗೆ ವಾರಕ್ಕೆರಡು ಮೂರು ಸಲ ಆಟೋ ಹಿಡಿಯುವವರಿರುತ್ತಾರೆ. ಒಬ್ಬರನ್ನು ಆರಿಸಿಕೊಂಡು ವಾರಕ್ಕೊಮ್ಮೆ ಹೋಗಿ. ಪ್ರಾರ್ಥಿಸಬೇಕೆನಿಸಿದರೆ ಅನುಮತಿ ಕೇಳಿ. ಅವರು ಬೇರೆ ಧರ್ಮದವರಾಗಿದ್ದರೆ ನಿಮ್ಮ ಉಪಕಾರಕ್ಕೆ ಯಾವ ಷರತ್ತೂ ಅಂಟಿರಬಾರದು; ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ತಿರುಗಿ ಬಂದವನು ಒಬ್ಬನೇ, ಉಳಿದ ಒಂಬತ್ತು ಮಂದಿಯ ಗುಣವನ್ನು ಹಿಂದಕ್ಕೆ ಪಡೆಯಲಿಲ್ಲ. ಅನ್ಯಧರ್ಮದ ನೆರೆಯವರನ್ನು ಕೀಳಾಗಿ ಆಡಿ ಯಾರೂ ಕ್ರಿಸ್ತನಿಗೆ ಹತ್ತಿರವಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಾಗಿರಲಿಲ್ಲ. ಆದರೂ ಯೇಸುವಿನ ಕಡೆಯ ದಿನದ ಮೇಲೆ ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಬರೆದರು. ಶುಭ ಶುಕ್ರವಾರದ ಮುಂಚೆ ಕನ್ನಡ ಕ್ರೈಸ್ತರು ಅದನ್ನೊಮ್ಮೆ ಓದಲಿ ಎಂಬುದು ನನ್ನ ಆಸೆ.

ಒಣಗಿದ ಕಾಲ

ಹೀಗೆ ಆರು ತಿಂಗಳು ನಡೆದ ಮೇಲೆ ಏನೂ ಅನ್ನಿಸದ ದಿನಗಳು ಬರುತ್ತವೆ. ಓದು ಸಪ್ಪೆ, ಪ್ರಾರ್ಥನೆ ಗೋಡೆಗೆ ಹೇಳಿದಂತೆ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾದಾಗ, ಅವರು ದಶಕಗಳ ಕಾಲ ದೇವರ ಸಾನ್ನಿಧ್ಯದ ಭಾವವಿಲ್ಲದೆ ಬದುಕಿದ್ದರೆಂದು ತಿಳಿದು ಲೋಕ ಬೆರಗಾಯಿತು. ಅಷ್ಟೂ ವರ್ಷ ಅವರು ಬೆಳಗಿನ ಪ್ರಾರ್ಥನೆ ಬಿಡಲಿಲ್ಲ, ಬೀದಿಯಿಂದ ಸಾಯುವವರನ್ನು ಎತ್ತಿ ತರುವುದನ್ನೂ ನಿಲ್ಲಿಸಲಿಲ್ಲ. ಭಾವನೆಯ ಏರಿಳಿತ ಪರಿಚಯದ ಅಳತೆಗೋಲಲ್ಲ. ಗಲಾತ್ಯ 5ರಲ್ಲಿ ಪೌಲ ಪಟ್ಟಿ ಮಾಡಿರುವ ಫಲಗಳು ಮೇಲಾದ ಅಳತೆ: ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ, ದಯೆ ಮುಂತಾದವು. ಅವು ನಿಮ್ಮಲ್ಲಿ ಹೆಚ್ಚಿವೆಯೇ ಎಂದು ನಿಮ್ಮ ಹೆಂಡತಿಯನ್ನು, ಗಂಡನನ್ನು, ಆಫೀಸಿನಲ್ಲಿ ನಿಮ್ಮ ಕೈಕೆಳಗಿನವರನ್ನು ಕೇಳಬೇಕು.

ಒಣಗಿದ ಕಾಲದಲ್ಲೇ ಅಡ್ಡದಾರಿಗಳು ಕರೆಯುತ್ತವೆ. ನಿಮ್ಮ ಹೆಸರಿಟ್ಟು ಪ್ರವಾದನೆ ಹೇಳುತ್ತೇನೆನ್ನುವವರು, ಇಷ್ಟು ಕಾಣಿಕೆ ಹಾಕಿದರೆ ಇಷ್ಟು ಆಶೀರ್ವಾದ ಎನ್ನುವವರು, ತನ್ನನ್ನು ಪ್ರಶ್ನಿಸಿದರೆ ದೇವರನ್ನೇ ಪ್ರಶ್ನಿಸಿದಂತೆ ಎನ್ನುವವರು. ಇವರಿಂದ ಬೆಳೆಯುವುದು ಅವರ ಪರಿಚಯ, ಯೇಸುವಿನದ್ದಲ್ಲ. ಔಷಧ ಬಿಡಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಿದ್ದೆ, ಹಸಿವು ಕೆಟ್ಟು, ಬದುಕೇ ಬೇಡವೆನಿಸುತ್ತಿದ್ದರೆ ಅದನ್ನು ಆತ್ಮಿಕ ಬರಗಾಲವೆಂದು ಹೆಸರಿಟ್ಟು ಕೂರಬೇಡಿ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆ ಮತ್ತು ಮಾತ್ರೆ ಒಂದಕ್ಕೊಂದು ಶತ್ರುವಲ್ಲ.

ಓದಬೇಕೆಂಬ ಹಸಿವಿದ್ದವರಿಗೆ ನಮ್ಮ ಊರು ಭಾಗ್ಯವಂತ. ಬೆನ್ಸನ್ ಟೌನಿನಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಾಲಜಿಕಲ್ ಕಾಲೇಜ್ ಆರ್.ಟಿ. ನಗರಕ್ಕೆ ದೂರವಿಲ್ಲ. ಯಶವಂತಪುರದ ಮಗ್ಗುಲಲ್ಲಿ, ಮಲ್ಲೇಶ್ವರದಲ್ಲಿ ಸಂತ ಪೇತ್ರರ ಗುರುಮಠವಿದೆ. ಕೊತ್ತನೂರಿನಲ್ಲಿ ಸಾಯಾಕ್ಸ್ ಎಂಬ ದೇವಶಾಸ್ತ್ರ ಕಾಲೇಜಿದೆ. ಕೆಲಸ ಬಿಡದೆ ಓದಬೇಕೆನ್ನುವವರು, 1971ರಲ್ಲಿ ಶುರುವಾದ ಬೆಂಗಳೂರಿನ ಟ್ಯಾಫ್ಟೀ ಸಂಸ್ಥೆಯ ಕೋರ್ಸುಗಳನ್ನು ವಿಚಾರಿಸಬಹುದು. ಮನೆಯಲ್ಲಿ ಓದಿ, ಗುಂಪಿನಲ್ಲಿ ಕೂಡಿ ಚರ್ಚಿಸುವ ಕ್ರಮ ಅದರದ್ದು. ಪ್ರಶ್ನೆ ಕೇಳಿದರೆ ವಿಶ್ವಾಸ ಕುಗ್ಗುತ್ತದೆಂಬ ಭಯ ಬೇಡ. ಯೇಸುವನ್ನು ಕಂಡುಕೊಂಡ ಮೇಲೆಯೇ ರಮಾಬಾಯಿ ಹೀಬ್ರೂ, ಗ್ರೀಕ್ ಹಿಡಿದು ಕೂತು ಇಡೀ ಬೈಬಲನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದದ್ದು.

ಮೂರು ನಾಲ್ಕು ಜನರ ಗುಂಪು

ಇದೆಲ್ಲವನ್ನೂ ಒಬ್ಬರೇ ಮಾಡಲು ಹೊರಟರೆ ಎರಡು ತಿಂಗಳಿಗೆ ನಿಲ್ಲುತ್ತದೆ. ಮೂರೋ ನಾಲ್ಕೋ ಜನ ಸೇರಿ. ಎಂಟರ ಮೇಲಾದರೆ ಅದು ಮತ್ತೊಂದು ಮೀಟಿಂಗ್ ಆಗುತ್ತದೆ. ಕಥೋಲಿಕ ಧರ್ಮಕೇಂದ್ರಗಳ ಕಿರು ಕ್ರೈಸ್ತ ಸಮುದಾಯಗಳು, ಸಿಎಸ್‌ಐನ ಗೃಹಪ್ರಾರ್ಥನೆಗಳು ಇದಕ್ಕೆ ತಯಾರಾದ ಜಾಗಗಳೇ, ಆದರೆ ಅಲ್ಲಿ ಹಾಡು, ಸಂದೇಶ, ಕಾಫಿ ಬಿಸ್ಕತ್ತು ಮುಗಿದು ಎಲ್ಲರೂ ಎದ್ದುಬಿಡುತ್ತಾರೆ, ಒಬ್ಬರ ಬದುಕು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಗುಂಪಿಗೆ ಒಂದು ಗಂಟೆ ನಿಗದಿ ಮಾಡಿ. ಮಾರ್ಕನ ಒಂದು ಭಾಗವನ್ನು ಇಬ್ಬರು ಎರಡು ಅನುವಾದದಲ್ಲಿ ಗಟ್ಟಿಯಾಗಿ ಓದಲಿ. ಮೂರು ನಿಮಿಷ ಯಾರೂ ಮಾತಾಡಬಾರದು. ಮೊದಲ ವಾರ ಈ ಮೌನ ಮುಜುಗರವೆನಿಸುತ್ತದೆ, ನಾಲ್ಕನೇ ವಾರಕ್ಕೆ ಅದಕ್ಕಾಗಿಯೇ ಬರುತ್ತಾರೆ. ಆಮೇಲೆ ಪ್ರತಿಯೊಬ್ಬರೂ ಯೇಸು ಇಲ್ಲಿ ಏನು ಮಾಡಿದರು, ನನಗೆ ಏನು ಕೇಳಿಸಿತು ಎಂದು ಹೇಳಲಿ. ಬೇರೆಯವರಿಗೆ ಉಪದೇಶ ಮಾಡುವಂತಿಲ್ಲ. ಕಳೆದ ವಾರದ ವಿಧೇಯತೆ ಏನಾಯಿತು ಎಂದು ಒಬ್ಬರನ್ನೊಬ್ಬರು ಕೇಳಿ. ಆಗಲಿಲ್ಲ ಎಂದವರನ್ನು ಬೈಯಬೇಡಿ, ಮುಂದಿನ ವಾರ ಮತ್ತೆ ಕೇಳಿ. ಒಳಗೆ ಆಡಿದ್ದು ಸಭೆಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು. ಪ್ರಾರ್ಥನೆಗಾಗಿ ಎಂಬ ನೆಪದಲ್ಲೂ.

ಈ ವೇಗದಲ್ಲಿ ಮಾರ್ಕ ಮುಗಿಯಲು ವರ್ಷವೇ ಹಿಡಿಯಬಹುದು. ಕೊನೆಯ ಅಧ್ಯಾಯದಲ್ಲಿ, ನಮಗೆ ದೊರೆತಿರುವ ಅತಿ ಹಳೆಯ ಪೂರ್ಣ ಹಸ್ತಪ್ರತಿಗಳು 16:8ಕ್ಕೇ ನಿಂತುಬಿಡುತ್ತವೆ; ಸಮಾಧಿಯಿಂದ ಓಡಿಬಂದ ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೆ. ಮುಂದಿನ ವಚನಗಳ ಬಗ್ಗೆ ಹಲವು ಬೈಬಲುಗಳಲ್ಲಿ ಅಡಿಟಿಪ್ಪಣಿ ಇರುತ್ತದೆ. ಗುಂಪಿನಲ್ಲಿ ಯಾರಾದರೂ ಗಾಬರಿಯಾದರೆ ಅಂದು ಪಾಸ್ಟರನ್ನೋ ಫಾದರನ್ನೋ ಕರೆದು ಕೇಳಿಸಿ, ಒಳ್ಳೆಯ ಸಂಜೆಯಾಗುತ್ತದೆ. ಮಾರ್ಕ ಮುಗಿದ ಮೇಲೆ ಲೂಕನನ್ನು ಹಿಡಿಯಿರಿ, ಅದರ ಬೆನ್ನಿಗೇ ಅಪೊಸ್ತಲರ ಕೃತ್ಯಗಳನ್ನು. ಎರಡನ್ನೂ ಬರೆದವನು ಒಬ್ಬನೇ. ಯೋಹಾನನನ್ನು ಮೂರನೇ ವರ್ಷಕ್ಕೆ ಇಟ್ಟುಕೊಳ್ಳಿ.